ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವ ಮುಂಚೆ, ಅದು ಯಾವ ಹೊತ್ತನ್ನು ನುಂಗುತ್ತಿದೆ ನೋಡಿ

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಕೂಡು ಕುಟುಂಬ, ಕಬ್ಬಿನ ಹೊಲ ಇದೆ. ಮಗ ಹತ್ತನೇ ತರಗತಿ. ರಾತ್ರಿ ಹೊದಿಕೆಯೊಳಗೆ ಮೊಬೈಲ್ ಇಟ್ಟುಕೊಂಡು ಮಲಗುತ್ತಾನೆ, ಬೆಳಿಗ್ಗೆ ತಲೆನೋವು ಅಂತಾನೆ. ಮಗಳು ಪಿಯುಸಿ. ಓದಿಗೆ ಫೋನ್ ಬೇಕು ಅಂತಾಳೆ, ಮನೆಯಲ್ಲಿ ಹಿರಿಯರಿಗೆ ಭಯ. ಮೈದುನನ ಮಗನಿಗೆ ಎರಡೂವರೆ ವರ್ಷ. ಫೋನ್ ಹಚ್ಚಿ ಕೊಡದಿದ್ದರೆ ಒಂದು ತುತ್ತೂ ತಿನ್ನುವುದಿಲ್ಲ, ಮಾತೂ ಇನ್ನೂ ಸರಿಯಾಗಿ ಬಂದಿಲ್ಲ. ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ ಅತ್ತೆ ಹೇಳುತ್ತಾರೆ. ಫೋನ್ ಇಲ್ಲದೆ ಒಕ್ಕಲುತನವೇ ನಡೆಯುವುದಿಲ್ಲ ಅಂತ ಯಜಮಾನರು ಹೇಳುತ್ತಾರೆ. ಆದರೆ ಮೊನ್ನೆ ಗ್ರೂಪಿನಲ್ಲಿ ಬಂದ ಏನನ್ನೋ ಒತ್ತಿ ಅವರೇ ಖಾತೆಯಲ್ಲಿದ್ದ ಹಣ ಕಳೆದುಕೊಂಡರು. ಮೊಬೈಲಿನಿಂದ ಲಾಭ ಜಾಸ್ತಿಯೋ ಹಾನಿ ಜಾಸ್ತಿಯೋ? ಎಲ್ಲರಿಗೂ ಕೀಪ್ಯಾಡ್ ಫೋನ್ ಕೊಡಿಸಿಬಿಡೋಣವೇ?

ಉತ್ತರ:

ತಂಗಿ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಕೂಸು, ಹತ್ತನೇ ತರಗತಿಯ ಹುಡುಗ, ಪಿಯುಸಿ ಹುಡುಗಿ, ಒಕ್ಕಲುತನ ಮಾಡುವ ಗಂಡ, ವಯಸ್ಸಾದ ಅತ್ತೆ. ಎಲ್ಲರ ಮುಂದೆ ಇರುವುದು ಒಂದೇ ಥರದ ಫೋನ್ ಆದರೂ ಅದು ಒಬ್ಬೊಬ್ಬರಿಗೆ ಒಂದೊಂದು ಥರ ಆಗಿಬರುತ್ತದೆ. ಹಾಗಾಗಿ ಲಾಭ ಇಷ್ಟು, ಹಾನಿ ಇಷ್ಟು ಅಂತ ಇಡೀ ಮನೆಗೆ ಒಂದೇ ಲೆಕ್ಕ ಹಾಕಿ ಹೇಳುವುದು ಕಷ್ಟ. ಬಾಗಲಕೋಟೆಯಲ್ಲಿ ಮಕ್ಕಳ ಡಾಕ್ಟರಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಎಷ್ಟು ತಾಸು ಫೋನ್ ನೋಡಿದರು ಅಂತ ಎಣಿಸುವುದಕ್ಕಿಂತ, ಆ ಹೊತ್ತಿನಲ್ಲಿ ಏನು ನಡೆಯಬೇಕಿತ್ತು ಅಂತ ಕೇಳಿ. ನಿದ್ದೆ ಹೋಯಿತೇ? ಊಟ ಹೋಯಿತೇ? ಬಯಲಿನ ಆಟ ಹೋಯಿತೇ? ಮನೆಯವರ ಜೊತೆಗಿನ ಮಾತು ಹೋಯಿತೇ? ಈ ನಾಲ್ಕನ್ನು ಕಾಯ್ದುಕೊಂಡ ಮನೆಯಲ್ಲಿ ಫೋನಿನಿಂದ ಕೆಟ್ಟ ಮಕ್ಕಳನ್ನು ನಾನು ನೋಡಿದ್ದು ಬಹಳ ಕಡಿಮೆ. ದುಡ್ಡಿನ ಮೋಸ ಮಾತ್ರ ಬೇರೆ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಯಜಮಾನರು ಹೇಳಿದ್ದು ಸರಿ ಇದೆ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಬರುವ ಮುಂಚೆ ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಗಂಡಸರು ಬ್ಯಾಟರಿ ಹಿಡಿದು ಕಬ್ಬಿನೊಳಗೆ ಹಾಯ್ದು ಬಾವಿ ಹತ್ತಿರ ಹೋಗಬೇಕಿತ್ತು. ಕಾಲಡಿ ಹಾವು ಚೇಳು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದರೆ ಶಾಕ್. ಈಗ ಸ್ಟಾರ್ಟರ್ ಡಬ್ಬಿಯಲ್ಲೇ ಒಂದು ಸಿಮ್ ಇರುತ್ತದೆ. ಕರೆಂಟ್ ಬಂದ ಕೂಡಲೇ ಅದೇ ಫೋನ್ ಮಾಡುತ್ತದೆ. ಮಲಗಿದಲ್ಲಿಂದಲೇ ಮೋಟರ್ ಚಾಲೂ ಮಾಡಬಹುದು. ಹಾವು ಕಡಿದವರನ್ನು ನಡುರಾತ್ರಿ ಆಸ್ಪತ್ರೆಗೆ ಹೊತ್ತು ತಂದದ್ದನ್ನು ನೋಡಿದವರಿಗೆ ಇದು ಎಂಥ ದೊಡ್ಡ ಲಾಭ ಅಂತ ಗೊತ್ತು.

ಉತಾರ (ಪಹಣಿ) ನೋಡುವುದು, ಬೆಳೆ ಸಮೀಕ್ಷೆಯ ಫೋಟೊ ಹಾಕುವುದು, ಕಾರ್ಖಾನೆಯ ತೂಕದ ಮೆಸೇಜು, ಬ್ಯಾಂಕಿಗೆ ಬಂದ ಬಿಲ್ಲಿನ ಮೆಸೇಜು, ಎಲ್ಲ ಫೋನಿನಲ್ಲೇ. ಆಲಿಕಲ್ಲು ಬಿದ್ದೋ ನೀರು ನಿಂತೋ ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ತಾಸಿನೊಳಗೆ ತಿಳಿಸಬೇಕು ಅಂತ ಫಸಲ್ ಬಿಮಾ ಯೋಜನೆಯ ನಿಯಮ ಇದೆ. 14447ಕ್ಕೆ ಫೋನ್ ಮಾಡಿ ತಿಳಿಸಬಹುದು. ಬೆಳೆಗೆ ರೋಗ ಬಿದ್ದರೆ ಕಿಸಾನ್ ಕಾಲ್ ಸೆಂಟರ್ 1800 180 1551ರಲ್ಲಿ ಕನ್ನಡದಲ್ಲೇ ಕೇಳಬಹುದು, ದುಡ್ಡು ಬೀಳುವುದಿಲ್ಲ. ಪುಣೆಯ ಐಐಟಿಎಂ ಸಂಸ್ಥೆ ಮಾಡಿದ ದಾಮಿನಿ ಆ್ಯಪ್ ಹತ್ತಿರದಲ್ಲಿ ಸಿಡಿಲು ಬೀಳುವ ಸೂಚನೆ ಕೊಡುತ್ತದೆ. ನಮ್ಮ ಕಡೆ ಮುಂಗಾರಿಗೆ ಮುಂಚಿನ ಮಳೆಯಲ್ಲಿ ಕುರಿ ಕಾಯುವವರು, ಹೊಲದಲ್ಲಿದ್ದವರು ಎಷ್ಟು ಜನ ಸಿಡಿಲಿಗೆ ಹೋಗುತ್ತಾರೆ ಅಲ್ವಾ? ಆ ಆ್ಯಪ್ ನಿಮ್ಮ ಯಜಮಾನರ ಫೋನಿನಲ್ಲಿ ಇರಲೇಬೇಕು.

ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಎಷ್ಟು ಮಂದಿ ಗೋವಾಕ್ಕೆ, ಪುಣೆಗೆ, ಮಂಗಳೂರಿಗೆ ದುಡಿಯಲು ಹೋಗಿದ್ದಾರೆ ನೋಡಿ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದ ತಾಯಿ ರಾತ್ರಿ ವಿಡಿಯೊ ಕಾಲ್ ಮಾಡಿ ಮಗುವಿನ ಮುಖ ನೋಡುತ್ತಾಳೆ. ಇದು ಸ್ಕ್ರೀನ್ ನೋಡುವ ಲೆಕ್ಕಕ್ಕೆ ಬರುವುದಿಲ್ಲ. ತೀರಾ ಚಿಕ್ಕ ಕೂಸಿಗೂ ಇದು ಒಳ್ಳೆಯದೇ, ಯಾಕೆಂದರೆ ಆ ಕಡೆಯಿಂದ ಒಬ್ಬ ಮನುಷ್ಯ ಕೂಸಿನ ನಗುವಿಗೆ ನಗುತ್ತಿದ್ದಾನೆ, ತೊದಲಿಗೆ ಉತ್ತರ ಕೊಡುತ್ತಿದ್ದಾನೆ. ಇಳಕಲ್ಲಿನ ನೇಕಾರರು ಈಗ ಸೀರೆಯ ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕಿ ನೇರವಾಗಿ ಮಾರುತ್ತಾರೆ. ಇಷ್ಟನ್ನೆಲ್ಲ ಬಿಟ್ಟು ಕೀಪ್ಯಾಡ್ ಫೋನಿಗೆ ವಾಪಸ್ ಹೋಗಿ ಅಂತ ನಾನು ಹೇಳಲಾರೆ.

ಈಗ ಕೂಸಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಇದೇ.

ನಮ್ಮ ಒಪಿಡಿಯಲ್ಲಿ ತಾಯಂದಿರು ಡಬ್ಬಿ ಬಿಚ್ಚಿ ಉಣಿಸುವುದನ್ನು ದಿನಾ ನೋಡುತ್ತೇನೆ. ಕೂಸಿನ ಕಣ್ಣು ಫೋನಿನ ಮೇಲೆ. ತುತ್ತು ಬಂದಾಗ ಬಾಯಿ ತಾನಾಗಿಯೇ ತೆರೆಯುತ್ತದೆ. ಅಗಿಯುವುದು ಕಡಿಮೆ. ಸ್ವಲ್ಪ ಹೊತ್ತಿಗೆ ತುತ್ತು ಕೆನ್ನೆಯಲ್ಲೇ ನಿಂತುಬಿಡುತ್ತದೆ. ಹಾಡು ಮುಗಿದು ಜಾಹೀರಾತು ಬಂದರೆ ಅಳು, ಇನ್ನೊಂದು ಹಾಡು ಬಂದರೆ ಮತ್ತೆ ಬಾಯಿ ತೆರೆಯುತ್ತದೆ. ಆ ಕೂಸಿಗೆ ಹೊಟ್ಟೆ ತುಂಬಿದ್ದು ಗೊತ್ತಿಲ್ಲ, ಹಸಿವಾಗಿದ್ದು ಗೊತ್ತಿಲ್ಲ, ತಿಂದದ್ದು ರೊಟ್ಟಿಯೋ ಅನ್ನವೋ ಅದೂ ಗೊತ್ತಿಲ್ಲ. ತಾಯಿಗೆ ಮಾತ್ರ ಬಟ್ಟಲು ಖಾಲಿಯಾದ ಸಮಾಧಾನ. ಉಣ್ಣುವ ಹೊತ್ತು ಅಂದರೆ ಕೂಸಿಗೆ ಮಾತು ಕಲಿಯುವ ಹೊತ್ತೂ ಹೌದು. "ಬಿಸಿ ಐತಿ, ಊದು", "ಬೆಲ್ಲ ಬೇಕಾ", "ಅಜ್ಜಿಗೆ ಒಂದು ತುತ್ತು ಕೊಡು" ಅನ್ನುವ ಮಾತುಗಳನ್ನು ಕೇಳಿಯೇ ಅದು ಮಾತು ಕಲಿಯುವುದು. ದಿನಕ್ಕೆ ಮೂರು ಹೊತ್ತು ಈ ಮಾತು ನಿಂತುಹೋದರೆ ಎಷ್ಟು ನಷ್ಟ, ನೀವೇ ಯೋಚಿಸಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿಕ್ಕ ಮಕ್ಕಳಿಗಾಗಿ ಸಲಹೆ ಕೊಟ್ಟಿದೆ. ಎರಡು ವರ್ಷ ತುಂಬುವ ಮುಂಚೆ ಸ್ಕ್ರೀನ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಬೇಡ, ಅದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಎರಡು ವರ್ಷ ತುಂಬುವವರೆಗೆ ಬೇಡವೇ ಬೇಡ ಅನ್ನುತ್ತದೆ. ನಾನು ಒಂದು ಮಾತು ಸೇರಿಸುತ್ತೇನೆ. ಆ ಒಂದು ತಾಸು ಊಟದ ಹೊತ್ತಿನಲ್ಲಿ ಮತ್ತು ಮಲಗುವ ಹೊತ್ತಿನಲ್ಲಿ ಇರಬಾರದು.

ಬಿಡಿಸುವುದು ಹೇಗೆ? ಒಮ್ಮೆಲೇ ಬಿಡಿಸಿ. ಇವತ್ತು ಅರ್ಧ, ನಾಳೆ ಕಾಲು ಅಂತ ಚೌಕಾಸಿ ಮಾಡಿದರೆ ಕೂಸು ಅಷ್ಟಕ್ಕೇ ಹಟ ಹಿಡಿಯುವುದನ್ನು ಕಲಿಯುತ್ತದೆ. ಊಟಕ್ಕೆ ಒಂದೂವರೆ ತಾಸು ಮುಂಚೆ ಹಾಲು, ಬಿಸ್ಕತ್ತು, ಕುರ್‌ಕುರೆ ಎಲ್ಲ ಬಂದ್. ಮನೆಯವರೆಲ್ಲ ಕೂತು ಉಣ್ಣುವಾಗ ಕೂಸನ್ನೂ ಪಕ್ಕದಲ್ಲಿ ಕೂರಿಸಿ, ಅದರದೇ ಸಣ್ಣ ತಾಟು ಕೊಡಿ. ಬೇಳೆಯಲ್ಲಿ ಕಲಸಿದ ರೊಟ್ಟಿ ಇರಲಿ, ಮೊಸರನ್ನ ಇರಲಿ. ಮೈತುಂಬ ಬಳಿದುಕೊಳ್ಳಲಿ, ಬೇಕಾದರೆ ಒರೆಸಿದರಾಯಿತು. ಅರ್ಧ ತಾಸಾದರೆ ತಿಂದಿದ್ದರೂ ತಿನ್ನದಿದ್ದರೂ ತಾಟು ಎತ್ತಿಬಿಡಿ. ಬೆನ್ನು ಹತ್ತಿ ಉಣಿಸುವುದು ಬೇಡ. ಮೊದಲ ಮೂರು ನಾಲ್ಕು ದಿನ ಅಳು ಜಾಸ್ತಿ ಇರುತ್ತದೆ, ತಿನ್ನುವುದು ಕಡಿಮೆ ಇರುತ್ತದೆ. ತೂಕ ಸರಿಯಾಗಿರುವ, ಮೈಯಲ್ಲಿ ಕಾಯಿಲೆ ಇಲ್ಲದ ಕೂಸು ಅಷ್ಟಕ್ಕೆ ಸೊರಗುವುದಿಲ್ಲ. ಆ ಮೂರು ನಾಲ್ಕು ದಿನ ಅಜ್ಜಿಯ ಮನಸ್ಸು ಕರಗಿ ಫೋನ್ ಕೊಡದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ಹಾಗಾಗಿ ಶುರು ಮಾಡುವ ಮುಂಚೆ ಅವರನ್ನೂ ಕೂರಿಸಿಕೊಂಡು ಮಾತಾಡಿ. ಅವರೇ ಕಥೆ ಹೇಳಿ ಉಣಿಸುವ ಜವಾಬ್ದಾರಿ ತೆಗೆದುಕೊಂಡರೆ ಕೆಲಸ ಅರ್ಧ ಆದಂತೆ.

ಇನ್ನು ಮಾತಿನ ವಿಷಯ. ಎರಡು ವರ್ಷಕ್ಕೆ ಕೂಸು ಎರಡು ಪದ ಸೇರಿಸಿ ಹೇಳಬೇಕು. "ಅವ್ವ ಬಾ", "ನೀರು ಕೊಡು" ಇಷ್ಟಾದರೂ ಬರಬೇಕು. ಬಂದಿಲ್ಲ ಅಂದರೆ "ಫೋನ್ ನೋಡಿ ಹಿಂಗಾಗಿದೆ, ಬಿಡಿಸಿದರೆ ಸರಿಹೋಗುತ್ತದೆ" ಅಂತ ಸುಮ್ನೆ ಕೂರಬೇಡಿ. ಫೋನಿನ ಮೇಲೆ ಹಾಕಿ ಕೈ ತೊಳೆದುಕೊಂಡರೆ ಬೇರೆ ಕಾರಣ ತಪ್ಪಿಹೋಗುತ್ತದೆ. ಮೊದಲು ಕಿವಿ ಪರೀಕ್ಷೆ ಆಗಬೇಕು. ನಮ್ಮ ಕಡೆ ಸೋದರಮಾವ, ಅತ್ತೆಯ ಮಗ ಅಂತ ರಕ್ತಸಂಬಂಧದಲ್ಲಿ ಮದುವೆ ಜಾಸ್ತಿ. ಅಂಥ ಮನೆಗಳಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳು ಹೆಚ್ಚು ಸಿಗುತ್ತಾರೆ. ಫೋನಿನ ಸದ್ದು ಜೋರಾಗಿರುವುದರಿಂದ ಅದಕ್ಕೆ ಕೇಳಿಸುತ್ತದೆ ಅಂತ ಮನೆಯವರು ಅಂದುಕೊಂಡುಬಿಡುತ್ತಾರೆ. ಹೆಸರು ಕರೆದರೆ ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನಗುತ್ತದೆಯೇ ಅನ್ನುವುದನ್ನೂ ಗಮನಿಸಿ ಬರೆದಿಟ್ಟುಕೊಳ್ಳಿ. ಡಾಕ್ಟರಿಗೆ ಬೇಕಾಗುವುದು ಇದೇ.

ಹತ್ತನೇ ತರಗತಿಯ ಮಗನಿಗೆ ಬರೋಣ. ತಲೆನೋವಿಗೆ ಮೊದಲು ಕಣ್ಣು ತೋರಿಸಿ, ನಂಬರ್ ಬಂದಿರಬಹುದು. ಕಣ್ಣು ಸರಿಯಿದ್ದರೆ ಮುಂದಿನ ಅನುಮಾನ ನಿದ್ದೆಯ ಮೇಲೆ. ಹದಿಹರೆಯದ ಮಕ್ಕಳಿಗೆ 8ರಿಂದ 10 ತಾಸು ನಿದ್ದೆ ಬೇಕು. ಹೊದಿಕೆಯೊಳಗೆ ಫೋನ್ ಹಿಡಿದ ಹುಡುಗ ಹನ್ನೆರಡೂವರೆಗೆ ಮಲಗಿ, ಬೆಳಗಿನ ಟ್ಯೂಷನ್‌ಗೆ ಐದಕ್ಕೆ ಎದ್ದರೆ ನಾಲ್ಕೂವರೆ ತಾಸು ಆಯಿತು. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ರಾತ್ರಿ ನಿದ್ದೆಯಲ್ಲೇ. ಹಾಗಾಗಿ ಇವನು ನಿದ್ದೆಯನ್ನೂ ಕಳೆದುಕೊಂಡ, ಹಗಲು ಓದಿದ್ದನ್ನೂ ಕಳೆದುಕೊಂಡ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಮಾರ್ಕ್ಸ್ ಕಡಿಮೆಯಾದರೆ ಅಪ್ಪ ಅಮ್ಮ ಮತ್ತೊಂದು ಟ್ಯೂಷನ್ ಹಚ್ಚುತ್ತಾರೆ. ಮೊದಲು ನಿದ್ದೆ ಕೊಡಿಸಿ ನೋಡಿ ಅಂತ ನಾನು ಬೇಡಿಕೊಳ್ಳುತ್ತೇನೆ.

ಇದಕ್ಕೆ ಒಂದೇ ನಿಯಮ ಸಾಕು. ರಾತ್ರಿ ಒಂಬತ್ತೂವರೆ ಆದ ಮೇಲೆ ಮನೆಯ ಎಲ್ಲ ಫೋನುಗಳೂ ಪಡಸಾಲೆಯಲ್ಲಿ ಚಾರ್ಜಿಗೆ. ಮಲಗುವ ಕೋಣೆಯೊಳಗೆ ಒಂದೂ ಬೇಡ. ಮಗನ ಫೋನು ಅಷ್ಟೇ ಅಲ್ಲ, ಅಪ್ಪನದು, ಅಮ್ಮನದು, ಚಿಕ್ಕಪ್ಪನದು ಎಲ್ಲವೂ ಅಲ್ಲೇ ಇರಲಿ. ಹುಡುಗನ ಫೋನ್ ಕಸಿದುಕೊಂಡು ದೊಡ್ಡವರು ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಕೂತರೆ ಆ ನಿಯಮ ಎರಡು ದಿನವೂ ನಿಲ್ಲುವುದಿಲ್ಲ. ಅಲಾರಂ ಬೇಕು ಅನ್ನುತ್ತಾನೆ. ಸಂತೆಯಲ್ಲಿ ಸಿಗುವ ಗಡಿಯಾರ ತಂದುಕೊಡಿ.

"ಮೋಟರ್ ಫೋನ್ ಬರುತ್ತದಲ್ಲ, ನಾನು ಹೆಂಗೆ ಬಿಡಲಿ" ಅಂತ ಯಜಮಾನರು ಕೇಳಿಯೇ ಕೇಳುತ್ತಾರೆ. ಅದಕ್ಕೂ ದಾರಿ ಇದೆ. ಸ್ಟಾರ್ಟರ್‌ನಲ್ಲಿರುವ ಸಿಮ್ಮಿನ ನಂಬರನ್ನು "ಮೋಟರ್" ಅಂತ ಸೇವ್ ಮಾಡಿ, ಸ್ಟಾರ್ ಗುರುತು ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಅಂತ ಇರುತ್ತದೆ. ಅದನ್ನು ಹಚ್ಚಿ, ಸ್ಟಾರ್ ಹಾಕಿದವರ ಕರೆ ಮಾತ್ರ ಬರಲಿ ಅಂತ ಆರಿಸಿ. ದೂರದಲ್ಲಿರುವ ಮಕ್ಕಳು, ವಯಸ್ಸಾದ ತಂದೆ ತಾಯಿಯ ನಂಬರಿಗೂ ಸ್ಟಾರ್ ಹಾಕಿ. ಪಡಸಾಲೆಯಲ್ಲಿ ಸದ್ದು ಜೋರಾಗಿಟ್ಟರೆ ಮೋಟರಿನ ಕರೆ ಕೇಳುತ್ತದೆ, ಗ್ರೂಪಿನ ಗುಡ್ ನೈಟ್ ಫೋಟೊಗಳು ಕೇಳುವುದಿಲ್ಲ.

ಓದುವಾಗಲೂ ಫೋನ್ ಬೇರೆ ಕೋಣೆಯಲ್ಲಿ ಇರಲಿ. ಯುನೆಸ್ಕೊ 2023ರ ವರದಿಯಲ್ಲಿ ಒಂದು ಮಾತಿದೆ. ಒಮ್ಮೆ ಗಮನ ಆ ಕಡೆ ಹೋದರೆ ಓದಿಗೆ ಮತ್ತೆ ಪೂರ್ತಿ ಮನಸ್ಸು ಕೂರಲು 20 ನಿಮಿಷದವರೆಗೆ ಹಿಡಿಯಬಹುದಂತೆ. ಒಂದು ತಾಸಿನಲ್ಲಿ ಮೂರು ಮೆಸೇಜು ಬಂದರೆ ಆ ತಾಸು ಹೋದಂತೆಯೇ. ಫೋನಿನಿಂದ ಓದುವುದಿದ್ದರೆ ಅದಕ್ಕೂ ಬೇರೆ ಹೊತ್ತು ಇಡಿ. ನಮ್ಮ ಸರ್ಕಾರಿ ಪಠ್ಯಪುಸ್ತಕಗಳಲ್ಲಿ ಪಾಠದ ಹತ್ತಿರ ಕ್ಯೂಆರ್ ಕೋಡ್ ಇರುತ್ತದೆ. ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ಬರುತ್ತದೆ. ಗಣಿತ, ವಿಜ್ಞಾನದ ಟೀಚರ್ ಇಲ್ಲದ ಶಾಲೆಯ ಮಕ್ಕಳಿಗೆ ಇದು ನಿಜವಾಗಿಯೂ ದೊಡ್ಡ ಆಸರೆ.

ಕಣ್ಣಿನ ಬಗ್ಗೆ ತಾಯಂದಿರು ಫೋನಿನ ಬೆಳಕಿಗೆ ಹೆದರುತ್ತಾರೆ. ನನ್ನ ಹೆದರಿಕೆ ಮಕ್ಕಳು ಬಿಸಿಲ ಬೆಳಕಿಗೆ ಬರುತ್ತಿಲ್ಲ ಅನ್ನುವುದು. ಚೀನಾದ ಗುವಾಂಗ್ಜೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಅದರ ಫಲಿತಾಂಶ ಬಂತು. ಎಂದಿನ ಹಾಗೆಯೇ ನಡೆದ ಶಾಲೆಗಳಲ್ಲಿ 100ರಲ್ಲಿ ಸುಮಾರು 39 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವುದು) ಬಂದಿತ್ತು, ಹೆಚ್ಚಿಗೆ ಹೊರಗೆ ಬಿಟ್ಟ ಶಾಲೆಗಳಲ್ಲಿ ಸುಮಾರು 30. ತೈವಾನ್ ದೇಶದಲ್ಲಿ 2010ರಿಂದಲೇ ಶಾಲಾ ಮಕ್ಕಳು ದಿನಕ್ಕೆ ಎರಡು ತಾಸು ಹೊರಗಿರಬೇಕು ಅಂತ ಮಾಡಿದ್ದಾರೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಬಿಡಿ ಅಂತ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹತ್ತರ ಒಳಗೆ, ಸಂಜೆ ನಾಲ್ಕೂವರೆ ಮೇಲೆ ಸಾಕು. ಕಬಡ್ಡಿ ಆಡಲಿ, ದನಕ್ಕೆ ನೀರು ಕುಡಿಸಿ ಬರಲಿ, ಏನಾದರೂ ಸರಿ. ಫೋನ್ ನೋಡುವಾಗ 20 ನಿಮಿಷಕ್ಕೊಮ್ಮೆ ತಲೆ ಎತ್ತಿ 20 ಅಡಿ ಆಚೆಗೆ 20 ಸೆಕೆಂಡ್ ನೋಡಿದರೆ ಕಣ್ಣಿನ ಆಯಾಸ ಇಳಿಯುತ್ತದೆ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಅರ್ಧಕ್ಕಿಂತ ಕಡಿಮೆ ಆಗುವುದುಂಟು. ನಮ್ಮ ಒಣಗಾಳಿಗೆ ಅದೂ ಸೇರಿ ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ.

ಒಬ್ಬರ ಮನೆಯಲ್ಲಷ್ಟೇ ಮಾಡುವುದು ಕಷ್ಟ ಅನ್ನಿಸಿದರೆ ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಅನ್ನುವ ಊರನ್ನು ನೋಡಿ. 2022ರ ಆಗಸ್ಟ್ 15ರಿಂದ ಅಲ್ಲಿ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಊದುತ್ತಾರೆ. ಅಲ್ಲಿಂದ ಒಂದೂವರೆ ತಾಸು ಇಡೀ ಊರಿನಲ್ಲಿ ಟಿವಿ, ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾ ಕೂರುತ್ತಾರೆ. "ಅವನ ಮನೆಯಲ್ಲಿ ನೋಡ್ತಾರೆ, ನಮಗ್ಯಾಕ ಬ್ಯಾಡ" ಅನ್ನುವ ಮಕ್ಕಳ ವಾದವೇ ಆಗ ಉಳಿಯುವುದಿಲ್ಲ. ನಿಮ್ಮ ಓಣಿಯ ಸ್ತ್ರೀಶಕ್ತಿ ಸಂಘದಲ್ಲಿ ಈ ಮಾತು ಎತ್ತಿ ನೋಡಿ. ಹತ್ತು ಮನೆ ಸೇರಿದರೂ ಸಾಕು.

ಮಗನಿಂದ ಸಿಟ್ಟಿನಲ್ಲಿ ಫೋನ್ ಕಸಿದು ಒಡೆಯುವ ಕೆಲಸ ಮಾತ್ರ ಮಾಡಬೇಡಿ. ಆ ವಯಸ್ಸಿನ ಹುಡುಗರು ಒಂದು ಕ್ಷಣದ ಅವಮಾನಕ್ಕೆ ಏನಾದರೂ ಮಾಡಿಕೊಂಡುಬಿಡುತ್ತಾರೆ. ಹಗಲಿನಲ್ಲಿ, ಶಾಂತವಾಗಿದ್ದಾಗ, ಅಪ್ಪ ಅಮ್ಮ ಇಬ್ಬರೂ ಕೂತು ನಿಯಮ ಹೇಳಿ. ಫೋನ್ ಕೊಡದಿದ್ದರೆ ಕೈ ನಡುಗುವಷ್ಟು ಸಿಟ್ಟು ಬರುತ್ತದೆ, ಶಾಲೆಗೆ ಹೋಗಲು ಒಲ್ಲೆ ಅನ್ನುತ್ತಾನೆ, ಗೆಳೆಯರನ್ನು ಬಿಟ್ಟು ಒಬ್ಬನೇ ಇರುತ್ತಾನೆ ಅಂತಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಸರು ಹೇಳಲು ಹೆದರಬೇಕಾಗಿಲ್ಲ.

ಮಗಳ ವಿಷಯದಲ್ಲಿ ನಿಮ್ಮ ಮನೆಯ ಹಿರಿಯರ ಜೊತೆ ನನ್ನ ಅಭಿಪ್ರಾಯ ಕೂಡುವುದಿಲ್ಲ. ಎಷ್ಟೋ ಮನೆಗಳಲ್ಲಿ ರಾತ್ರಿಯೆಲ್ಲ ಆಟ ಆಡುವ ಮಗನ ಕೈಯಲ್ಲಿ ಫೋನ್ ಇರುತ್ತದೆ, ಓದಲು ಕೇಳುವ ಮಗಳ ಕೈಯಲ್ಲಿ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಅಪಾಯ ಇದೆ, ಸುಳ್ಳಲ್ಲ. ಯಾರೋ ಗೆಳೆತನ ಮಾಡಿ ಫೋಟೊ ತೆಗೆದುಕೊಂಡು ಬೆದರಿಸುತ್ತಾರೆ. ಈಗ ಸುಮ್ನೆ ಮುಖದ ಫೋಟೊ ಸಿಕ್ಕರೂ ಬೇರೆ ಮೈಗೆ ಅಂಟಿಸಿ ಬೆದರಿಸುವವರಿದ್ದಾರೆ. ಆದರೆ ಹುಡುಗಿ ಯಾಕೆ ಸಿಕ್ಕಿಹಾಕಿಕೊಳ್ಳುತ್ತಾಳೆ? ಮನೆಯಲ್ಲಿ ಹೇಳಿದರೆ ಫೋನ್ ಹೋಗುತ್ತದೆ, ಕಾಲೇಜು ಬಿಡಿಸುತ್ತಾರೆ, ಮದುವೆ ಮಾಡಿಬಿಡುತ್ತಾರೆ ಅನ್ನುವ ಭಯಕ್ಕೆ. ಬೆದರಿಸುವವನಿಗೆ ಈ ಭಯವೇ ಬಂಡವಾಳ. ಹಾಗಾಗಿ ಇವತ್ತೇ ಮಗಳಿಗೆ ನೀವು ಬಾಯಿಬಿಟ್ಟು ಹೇಳಿ: "ಏನೇ ಆಗಲಿ, ನಿನ್ನದೇ ತಪ್ಪಾಗಿರಲಿ, ನನ್ನ ಹತ್ತಿರ ಬಾ. ಓದು ಬಿಡಿಸೋದಿಲ್ಲ." ಅಪ್ಪನ ಬಾಯಿಂದಲೂ ಈ ಮಾತು ಬರಬೇಕು. ಯಾರಾದರೂ ಬೆದರಿಸಿದರೆ ದುಡ್ಡು ಕೊಡಬೇಡಿ, ಮೆಸೇಜುಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರಿಗೆ ಕೊಡಿ. 18 ತುಂಬದ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ಇದೆ, ತುರ್ತು ಇದ್ದರೆ 112. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ವೆಬ್‌ಸೈಟಿನಲ್ಲಿ ಮಕ್ಕಳ ಅಶ್ಲೀಲ ಫೋಟೊ, ವಿಡಿಯೊ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು.

ಅತ್ತೆಯವರಿಗೆ ಸಮಾಧಾನ ಹೇಳಿ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊಬೈಲ್ ತರಂಗಗಳನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಅನ್ನುವ ಗುಂಪಿಗೆ ಸೇರಿಸಿತ್ತು. ಅವರು ಕೇಳಿದ್ದು ಅದನ್ನೇ ಇರಬೇಕು. ಅದೇ ಗುಂಪಿನಲ್ಲಿ ಲೋಳೆಸರದ ಎಲೆಯ ಸಾರವೂ ಇದೆ. ಆ ಗುಂಪು ಅಂದರೆ ಪುರಾವೆ ಸಾಲದು, ಇನ್ನೂ ನೋಡಬೇಕು ಅಂತ ಅರ್ಥ. ಆಮೇಲೆ ಅದೇ ಸಂಸ್ಥೆ ಹೇಳಿ ಮಾಡಿಸಿದ ಪರಿಶೀಲನೆ 2024ರಲ್ಲಿ ಹೊರಬಂತು. 63 ಅಧ್ಯಯನಗಳನ್ನು ನೋಡಿ, ಹತ್ತು ವರ್ಷಕ್ಕಿಂತ ಜಾಸ್ತಿ ಫೋನ್ ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರ್ ಹೆಚ್ಚಾಗಿಲ್ಲ ಅಂತ ಹೇಳಿದೆ. ನಮ್ಮ ದೇಶದಲ್ಲಿ 2012ರಿಂದ ಫೋನಿನಿಂದ ಮೈ ಹೀರುವ ತರಂಗಶಕ್ತಿಗೆ ಕಿಲೋಗೆ 1.6 ವಾಟ್ ಅನ್ನುವ ಮಿತಿಯೂ ಇದೆ. ಫೋನಿನಲ್ಲಿ *#07# ಒತ್ತಿದರೆ ನಿಮ್ಮ ಫೋನಿನ ಅಂಕಿ ತೋರಿಸುತ್ತದೆ. ಕ್ಯಾನ್ಸರಿಗಿಂತ ನನಗೆ ಜಾಸ್ತಿ ಭಯ ಇರುವುದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬೈಕ್ ಓಡಿಸುವ ಹುಡುಗರದ್ದು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ಹಿಂದೆ ದೀಪವೂ ಇಲ್ಲದ ಜೋಡಿ ಟ್ರೇಲರ್ ಟ್ರ್ಯಾಕ್ಟರುಗಳು ರಾತ್ರಿ ಸಾಲಾಗಿ ನಿಂತಿರುತ್ತವೆ. ಒಂದು ಸಲ ಕಣ್ಣು ಫೋನಿನ ಮೇಲೆ ಹೋದರೆ ಮುಗಿಯಿತು.

ಯಜಮಾನರ ಹಣದ ಬಗ್ಗೆ. ಗ್ರೂಪಿನಲ್ಲಿ ಬಂದದ್ದು ಬಹುಶಃ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಬರುವ ಆ್ಯಪ್. ಪಿಎಂ ಕಿಸಾನ್ ಹೆಸರಿನಲ್ಲಿ, ಮದುವೆ ಆಮಂತ್ರಣದ ಹೆಸರಿನಲ್ಲಿ, ಬ್ಯಾಂಕ್ ಕೆವೈಸಿ ಹೆಸರಿನಲ್ಲಿ ಇದು ಬರುತ್ತದೆ. ಒತ್ತಿ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಒಟಿಪಿ ಮೆಸೇಜುಗಳನ್ನು ಅವರೇ ಓದುತ್ತಾರೆ, ನಿಮ್ಮ ವಾಟ್ಸ್‌ಆ್ಯಪ್‌ನಿಂದ ಬೇರೆಯವರಿಗೂ ಕಳಿಸುತ್ತಾರೆ. ಪರಿಚಯದವರೇ ಕಳಿಸಿದ್ದಾರೆ ಅಂತ ನಂಬಿಕೆ ಬರುವುದು ಅದಕ್ಕೇ. ಆ ಆ್ಯಪ್ ಇನ್ನೂ ಫೋನಿನಲ್ಲಿದ್ದರೆ ಮೊದಲು ಇಂಟರ್ನೆಟ್ ಬಂದ್ ಮಾಡಿ ಅದನ್ನು ತೆಗೆಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಪಿನ್ ಬದಲಿಸಿ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೀರಾ? ತಡವಾಗಿದ್ದರೂ ಕೊಡಿ. ಇನ್ನು ಮುಂದೆ ಇಂಥದ್ದು ಆದರೆ ಮೊದಲ ಒಂದೆರಡು ತಾಸು ಬಹಳ ಮುಖ್ಯ, ಹಣ ಕೈಯಿಂದ ಕೈಗೆ ದಾಟುವ ಮುಂಚೆ ಅದನ್ನು ತಡೆಹಿಡಿಯಬಹುದು. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಖಾತೆಯಿಂದ ಹೋಗುವ ಹಣಕ್ಕೆ ಬ್ಯಾಂಕೇ ಹೊಣೆ. ಅದಕ್ಕೆ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ಎಲ್ಲರಿಗೂ ಎರಡು ಮಾತು ಬಾಯಿಪಾಠ ಆಗಬೇಕು. ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರು ಅಂದರೆ ಹಣ ಹೋಗುತ್ತದೆ ಅಂತಲೇ ಅರ್ಥ. ಇನ್ನೊಂದು, ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿ "ಡಿಜಿಟಲ್ ಅರೆಸ್ಟ್" ಅನ್ನುವವರು ಕಳ್ಳರು. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ವಯಸ್ಸಾದವರು ಮನೆಯಲ್ಲಿ ಇರುವುದರಿಂದ ಇದನ್ನು ಅತ್ತೆಗೆ ತಪ್ಪದೆ ಹೇಳಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದೆ. ಆದರೂ ಕದ್ದುಮುಚ್ಚಿ ಬರುವ ಲಿಂಕುಗಳಿಗೆ ಕಡಿಮೆ ಇಲ್ಲ. ಮಗನ ಫೋನಿನಲ್ಲಿ ಯುಪಿಐ ಇಡಬೇಡಿ. ಕಬ್ಬಿನ ಬಿಲ್ ಬರುವ ಖಾತೆಗೂ ಯುಪಿಐ ಜೋಡಿಸಬೇಡಿ. ದಿನದ ಖರ್ಚಿಗೆ ಬೇರೆ ಸಣ್ಣ ಖಾತೆ ಇಟ್ಟುಕೊಂಡರೆ ಹೋದರೂ ಅಷ್ಟೇ ಹೋಗುತ್ತದೆ.

ಇನ್ನು ಕೀಪ್ಯಾಡ್ ಫೋನ್. ಯಜಮಾನರಿಗೆ ಬೇಡ, ಮಗಳಿಗೂ ಬೇಡ. ಮಗನಿಗೆ ಪರೀಕ್ಷೆ ಮುಗಿಯುವವರೆಗೆ ಸ್ವಂತ ಸ್ಮಾರ್ಟ್‌ಫೋನ್ ಬೇಕಾಗಿಯೇ ಇಲ್ಲ. ಟ್ಯೂಷನ್‌ಗೆ ಹೋಗಿ ಬರುವಾಗ ಕೀಪ್ಯಾಡ್ ಫೋನ್ ಇರಲಿ. ವಿಡಿಯೊ ಪಾಠಕ್ಕೆ ಪಡಸಾಲೆಯಲ್ಲಿ ಕೂತು ಮನೆಯ ಒಂದು ಫೋನ್ ಬಳಸಲಿ, ಅಕ್ಕ ತಮ್ಮ ಇಬ್ಬರೂ ಹೊತ್ತು ಹಂಚಿಕೊಳ್ಳಲಿ. ಆ ಫೋನಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅನ್ನುವ ಸೆಟ್ಟಿಂಗ್ ತೆರೆದು, ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಗಿದೆ ಅಂತ ವಾರಕ್ಕೊಮ್ಮೆ ಎಲ್ಲರೂ ಸೇರಿ ನೋಡಿ. ದೊಡ್ಡವರ ಫೋನಿನದ್ದನ್ನೂ ಮಕ್ಕಳಿಗೆ ತೋರಿಸಿ.

ಎಲ್ಲವನ್ನೂ ಒಂದೇ ದಿನ ಶುರು ಮಾಡಲು ಹೋಗಬೇಡಿ. ಮೊದಲ ವಾರ ಕೂಸಿನ ಊಟ, ಎರಡನೇ ವಾರ ಪಡಸಾಲೆಯ ಚಾರ್ಜರ್, ಆಮೇಲೆ ಉಳಿದದ್ದು. ಕೂಸಿನ ಕಿವಿ ಪರೀಕ್ಷೆಗೆ ಮಾತ್ರ ಕಾಯಬೇಡಿ. ಈ ತಿಂಗಳೊಳಗೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಕ್ಕಳ ಬೆಳವಣಿಗೆ ನೋಡುವ ಡಿಇಐಸಿ ಘಟಕ ಎಲ್ಲಿದೆ ಅಂತ ಕೇಳಿ. ತಾಯಿ ಕಾರ್ಡ್ ಮತ್ತು ಹೆರಿಗೆಯಾದ ಆಸ್ಪತ್ರೆಯ ಚೀಟಿ ಎರಡನ್ನೂ ಜೊತೆಗೆ ಒಯ್ಯಿರಿ. ಹುಟ್ಟಿದಾಗ ತೂಕ ಎಷ್ಟಿತ್ತು, ಕಾಮಾಲೆ ಜಾಸ್ತಿ ಆಗಿತ್ತೇ, ಹುಟ್ಟಿದ ಕೂಡಲೇ ಅತ್ತಿತ್ತೇ ಅಂತ ಅಲ್ಲಿ ಕೇಳಿಯೇ ಕೇಳುತ್ತಾರೆ.